ಕ್ಯಾಮೆರಾ ನೋಡಬೇಡಿ, ನನ್ನ ನೋಡಿ

ಕೆಲವರು ಎಲ್ಲಿಗೇ ಹೋಗಲಿ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ನನಗೆ ಫಜೀತಿಗಳು ಹಾಗೆ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅವೇ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನನ್ನ ಸ್ಟುಡಿಯೋ ಎಲ್ಲಿ ಎಂದು ವಿಚಾರಿಸಿಕೊಂಡು ಬರುತ್ತವೆ.

ಬೆಟ್ಟದ ಕೆಳಗಿನ ರಸ್ತೆಯಲ್ಲಿ ನನ್ನದೊಂದು ಪುಟ್ಟ ವಿಡಿಯೋ ಸ್ಟುಡಿಯೋ. ಅದರ ಹಿಂದಿನ ಕೋಣೆಯೇ ಮನೆ. ಮದುವೆ ವಿಡಿಯೋ ತೆಗೆಯುವುದು ಮೂಲ ಕಸುಬು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಯಾವ ಛತ್ರದಲ್ಲಿ ಯಾವ ಕಡೆಯಿಂದ ಬೆಳಕು ಬೀಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಲೆಕ್ಕವಿಲ್ಲದಷ್ಟು ಮದುವೆ ತೆಗೆದಿದ್ದೇನೆ, ನನ್ನದೊಂದು ಬಿಟ್ಟು. ವಯಸ್ಸು ಐವತ್ತು ದಾಟಿತು. ಈಗ ಆ ವಿಷಯ ಎತ್ತುವವರೂ ಇಲ್ಲ.

ಹನ್ನೆರಡು ವರ್ಷದಿಂದ ಇದರ ಜೊತೆ ಇನ್ನೊಂದು ಕೆಲಸ ಗಂಟು ಬಿದ್ದಿದೆ. ಹೊರದೇಶದಿಂದ ಸಾಕ್ಷ್ಯಚಿತ್ರ ತೆಗೆಯಲು ಬರುವವರಿಗೆ ನಾನು ಜೊತೆಗಾರ. ಜಾಗ ತೋರಿಸುವುದು, ಜನರನ್ನು ಒಪ್ಪಿಸುವುದು, ಅವರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದು, ಬಂದ ಉತ್ತರವನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳುವುದು, ಅವರ ಹೊಟ್ಟೆ ಕೆಟ್ಟಾಗ ಮಜ್ಜಿಗೆ ಹುಡುಕುವುದು, ಎಲ್ಲವೂ ನನ್ನದೇ. ಚಿತ್ರ ಮುಗಿದ ಮೇಲೆ ಅವರ ಹೆಸರು ಪರದೆ ತುಂಬ ಬರುತ್ತದೆ. ನನ್ನದು ಕೊನೆಯಲ್ಲಿ 'ಊರಿನ ಜನರಿಗೆ ಕೃತಜ್ಞತೆ' ಎಂಬ ಸಾಲಿನೊಳಗೆ ಕರಗಿಹೋಗಿರುತ್ತದೆ.

ನನಗಿದ್ದದ್ದು ಒಂದೇ ಆಸೆ. ಒಂದು ಚಿತ್ರದಲ್ಲಿ, ಒಂದೇ ಒಂದರಲ್ಲಿ, ಇದನ್ನು ಮಾಡಿದವರು ಯಾರು ಅಂತ ತೋರಿಸುವ ಕಡೆ ನನ್ನ ಹೆಸರೂ ಇರಬೇಕು. ಮದುವೆ ಕಾರ್ಡಿನಲ್ಲಂತೂ ಬರಲಿಲ್ಲ, ಇಲ್ಲಾದರೂ ಬರಲಿ ಅಂತ.

೧. ಪಕ್ಕದಲ್ಲಿ ಕೂತವನು

ಮೊದಲನೇ ಚಿತ್ರ ಶಿರಾ ತಾಲ್ಲೂಕಿನ ಬರಗೂರಿನಲ್ಲಿ. ಮಳೆ ನಂಬಿ ಕಡಲೆಕಾಯಿ ಬೆಳೆಯುವ ರೈತನೊಬ್ಬ ಮುಗಿಲು ನೋಡಿ ಮಳೆ ಹೇಳುತ್ತಾನೆ ಅಂತ ಯಾರೋ ಹೇಳಿದ್ದರು. ಅದನ್ನು ಚಿತ್ರ ಮಾಡಲು ಯೂರೋಪಿನಿಂದ ಒಬ್ಬ ನಿರ್ದೇಶಕರು ಬಂದಿದ್ದರು.

ರೈತ ಅಲ್ಲಿಯವರೆಗೆ ನೋಡಿದ್ದದ್ದು ಮದುವೆ ವಿಡಿಯೋ ಮಾತ್ರ. ಕ್ಯಾಮೆರಾ ಇಟ್ಟ ಕೂಡಲೇ ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನೇ ದಿಟ್ಟಿಸುತ್ತಾ ಕೂತ. ಮಳೆ ವಿಷಯ ಕೇಳಿದರೆ ತುಟಿ ಅಲ್ಲಾಡಿಸದೆ ಉತ್ತರ ಹೇಳುತ್ತಿದ್ದ. ನಿರ್ದೇಶಕರು ನನ್ನನ್ನು ಕ್ಯಾಮೆರಾದ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿ, "ಅವರು ನಿಮ್ಮನ್ನು ನೋಡಿ ಮಾತಾಡಲಿ" ಎಂದರು.

"ಅಣ್ಣ, ಕ್ಯಾಮೆರಾ ನೋಡಬೇಡಿ, ನನ್ನ ನೋಡಿ" ಅಂದೆ. ಅಷ್ಟು ವರ್ಷ ಛತ್ರಗಳಲ್ಲಿ "ಕ್ಯಾಮೆರಾ ನೋಡಿ, ಕ್ಯಾಮೆರಾ ನೋಡಿ" ಎಂದು ಗಂಟಲು ಹರಿದುಕೊಂಡಿದ್ದ ನನ್ನ ಬಾಯಲ್ಲಿ ಈ ಮಾತು!

ಅವನಿಗೆ ನಿರಾಸೆಯಾಯಿತು. "ನಿನ್ನೇನ್ಲಾ ನೋಡಾದು? ನಮ್ಮ ತಂಗಿ ಮದ್ವೇಲಿ ಮೂರು ದಿನ ನೋಡಿವ್ನಿ" ಅಂದ. ಆಮೇಲೆ ಮಾತು ಶುರುವಾಯಿತು ನೋಡಿ, ಎರಡು ದಿನವಾದರೂ ನಿಲ್ಲಲಿಲ್ಲ. ತಂಗಿಯ ಸುದ್ದಿ, ಮುಗಿಲ ಸುದ್ದಿ, ಕಡಲೆಕಾಯಿ ಸುದ್ದಿ ಎಲ್ಲ ಬಂತು. ನಡುನಡುವೆ ನಾನೂ ನಕ್ಕೆ, ನಾನೂ ಹೇಳಿದೆ.

ಚಿತ್ರ ಸಿದ್ಧವಾಗಿ ಬಂದ ದಿನ ಸ್ಟುಡಿಯೋ ಪಕ್ಕದ ಟೈಲರನ್ನು ಕರೆದು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ತೋರಿಸಲು ನನಗೆ ಬೇರೆ ಯಾರಿದ್ದರು? ಅವನು ಹೊಲಿಗೆ ಮಿಷನ್ ನಿಲ್ಲಿಸಿ ಬಂದು ಕೂತ. ಪರದೆಯ ಮೇಲೆ ರೈತ ಒಂದು ಕಡೆ ನೋಡುತ್ತಾ, ನಗುತ್ತಾ, ತಲೆಯಾಡಿಸುತ್ತಾ ಒಬ್ಬನೇ ಮಾತಾಡುತ್ತಿದ್ದ. ನನ್ನ ಪ್ರಶ್ನೆ, ನನ್ನ ನಗು, ನನ್ನ ಹೂಂಗುಟ್ಟುವಿಕೆ ಎಲ್ಲವನ್ನೂ ಕತ್ತರಿಸಿದ್ದರು.

"ಅಲ್ಲಾ, ಈವಯ್ಯ ಯಾರ್ ತಾವ ಮಾತಾಡ್ತಾವ್ನೆ?" ಎಂದು ಟೈಲರ್ ಕೇಳಿದ.

"ನನ್ನ ಹತ್ರ."

"ನೀನೆಲ್ಲಿದೀಯ?"

"ಅಲ್ಲೇ, ಕ್ಯಾಮೆರಾ ಪಕ್ಕದಲ್ಲಿ."

ಟೈಲರ್ ಎದ್ದು, ಲ್ಯಾಪ್‌ಟಾಪಿನ ಎಡಗಡೆ ಹೋಗಿ ಬಗ್ಗಿ ಇಣುಕಿ ನೋಡಿದ. ಅಲ್ಲೂ ಕಾಣದೆ ಹೋದಾಗ ಬಲಗಡೆಗೆ ಬಂದ.

೨. ಕುರಿಗಳಿಗೆ ನೀರು

ಇನ್ನೊಬ್ಬ ನಿರ್ದೇಶಕರು ಬಂದರು. ಆರಡಿ ಮೇಲೆ ಎತ್ತರ, ಮಾತು ಕಡಿಮೆ, ಬರೀ ಆಕಾಶ ನೋಡುವ ಸ್ವಭಾವ. ಅವರಿಗೆ ಕುರಿಗಾಹಿಯ ಏಕಾಂತದ ಮೇಲೆ ಚಿತ್ರ ಬೇಕಿತ್ತು. ಶಿರಾ ಕಡೆಯ ಒಬ್ಬ ಕುರಿಗಾಹಿಯನ್ನು ಹಿಡಿದು, ಕೆರೆ ಏರಿಯ ಮೇಲೆ ಕೂರಿಸಿದೆವು. ಎಂದಿನಂತೆ ನಾನು ಸ್ಟೂಲಿನ ಮೇಲೆ ಕೂತೆ.

ನಿರ್ದೇಶಕರ ಪ್ರಶ್ನೆ ಹೀಗಿತ್ತು: ಈ ವಿಶಾಲವಾದ ಆಕಾಶದ ಕೆಳಗೆ, ಮನುಷ್ಯರಿಂದ ದೂರವಾಗಿ ದಿನಗಟ್ಟಲೆ ಕಳೆಯುವಾಗ ನಿಮ್ಮೊಳಗೆ ಒಂಟಿತನ ಎಂಬುದು ಹೇಗೆ ಕಾಡುತ್ತದೆ?

ನಾನು ಕೇಳಿದೆ: "ಒಂಟಿ ಅನ್ಸಲ್ವಾ?"

"ಮುನ್ನೂರು ಕುರಿ ಅವೆ, ಎಲ್ಡು ನಾಯಿ ಅವೆ. ಒಂಟಿ ಎಂಗಾದೇನು?" ಅಂದ ಕುರಿಗಾಹಿ. ಆಮೇಲೆ ನಿರ್ದೇಶಕರ ಕಡೆ ಕೋಲು ತೋರಿಸಿ ಕೇಳಿದ, "ಈವಯ್ಯಂಗೆ ಎಂಡ್ರು ಮಕ್ಳು ಅವ್ರಾ?"

ಕೇಳಿ ಹೇಳಿದೆ, ಇಲ್ಲ.

"ಅಪ್ಪ ಅವ್ವ?"

"ಅವ್ರು ಬೇರೆ ಊರಾಗವ್ರಂತೆ. ಒರ್ಸಕ್ಕೆ ಒಂದ್ಸಲ ಹೋಗ್ತಾರಂತೆ."

ಕುರಿಗಾಹಿ ಲೊಚಗುಟ್ಟಿದ. "ಅಲ್ಲಿಂದ ಇಲ್ಲೀಗಂಟ ಬಂದು ನನ್ ಕೇಳ್ತಾವ್ನಲ್ಲ, ಪಾಪ." ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ, ನನ್ನ ಕಡೆ ತಿರುಗಿದ. "ನಿಂಗೆಷ್ಟ್ ಮಕ್ಳಣ್ಣ?"

"ಮದ್ವೆ ಆಗಿಲ್ಲ."

"ಮನ್ಯಾಗೆ ಯಾರವ್ರೆ?"

"ಯಾರೂ ಇಲ್ಲ."

ಅವನು ನನ್ನನ್ನೇ ನೋಡಿದ. ಆ ಬಿಸಿಲಿಗೆ ಸುಕ್ಕುಗಟ್ಟಿದ ಮುಖದಲ್ಲಿ ಅಷ್ಟೊಂದು ಮರುಕ ಎಲ್ಲಿತ್ತೋ ಕಾಣೆ. "ಮತ್ತೆ ಸಂಜೆ ಹೊತ್ತು ಯಾರ್ ತಾವ ಮಾತಾಡ್ತೀಯ?" ಎಂದು ಕೇಳಿದ.

ಕ್ಯಾಮೆರಾ ಓಡುತ್ತಿತ್ತು. ನಿರ್ದೇಶಕರು ಪಿಸುಗುಟ್ಟಿದರು, "ಏನು ಹೇಳಿದರು? ಏನು ಹೇಳಿದರು?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಕುರಿಗಳಿಗೆ ನೀರು ಬೇಕಂತೆ."

ಅವರು ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಕೊನೆಗೆ ಆ ಚಿತ್ರ ಮುಗಿದದ್ದೇ ಅಲ್ಲಿ. ಪರದೆಯ ತುಂಬ ಕುರಿಗಾಹಿಯ ಮುಖ, ಕೆಳಗೆ ಇಂಗ್ಲಿಷಿನಲ್ಲಿ 'ಕುರಿಗಳಿಗೆ ನೀರು ಬೇಕು' ಎಂಬ ಸಾಲು. ಎಲ್ಲೆಲ್ಲೋ ತೋರಿಸಿದರಂತೆ, ಜನ ಕಣ್ಣೊರೆಸಿಕೊಂಡರಂತೆ. ಆ ಮರುಕ ಕುರಿಗಳ ಮೇಲಿನದು ಅಂತ ಅವರೆಲ್ಲ ತಿಳಿದರು. ಯಾರ ಮೇಲಿನದು ಅಂತ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಪರದೆಯಲ್ಲಿದ್ದ, ಇನ್ನೊಬ್ಬ ಇರಲಿಲ್ಲ.

ಕುರಿಗಾಹಿಗೆ ಚಿತ್ರ ತೋರಿಸಿ ಕೊನೆಯ ಸಾಲಿನ ಅರ್ಥ ಹೇಳಿದೆ. ಅವನು ಗಾಬರಿಯಿಂದ ಪರದೆಗೆ ಬೆರಳು ಚುಚ್ಚಿದ. "ನಾನ್ಯಾವಾಗ ಅಂಗಂದೆ? ನೋಡಿಲ್ಲಿ, ನನ್ ಬೆನ್ನಿಂದೇನೇ ಕೆರೆ ತುಂಬಿ ಕೋಡಿ ಬಿದ್ದೈತೆ!"

೩. ಹುಣಸೆಹಣ್ಣಿನ ಮೇಡಂ

ಅದಾದ ಮೇಲೆ ಬಂದವರು ಒಬ್ಬ ಮೇಡಂ. ಮೂವತ್ತೈದರ ಆಸುಪಾಸು. ಬಂದ ದಿನವೇ ನನಗೆ ಹೇಳಿದರು, "ಹೊರಗಿನಿಂದ ಬಂದವರು ತೆಗೆಯುವುದು, ಇಲ್ಲಿಯವರು ತೆಗೆಸಿಕೊಳ್ಳುವುದು, ಇದು ನ್ಯಾಯವಲ್ಲ. ಈ ಸಲ ಕ್ಯಾಮೆರಾ ಅವರ ಕೈಯಲ್ಲೇ ಇರಲಿ."

ಕೊರಟಗೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಹೆಂಗಸರಿದ್ದರು. ಸುಗ್ಗಿ ಜೋರಾಗಿತ್ತು. ಮೇಡಂ ಅವರಿಗೆ ಎರಡು ಸಣ್ಣ ಕ್ಯಾಮೆರಾ ಕೊಟ್ಟು, ಒತ್ತುವ ಗುಂಡಿ ತೋರಿಸಿ, "ನಿಮ್ಮ ಬದುಕಿನಲ್ಲಿ ನಿಮಗೆ ಮುಖ್ಯ ಅನ್ನಿಸಿದ್ದನ್ನು ತೆಗೆಯಿರಿ. ನಾವು ಬಾಯಿ ಹಾಕುವುದಿಲ್ಲ" ಅಂದರು. ಕೈ ಅಂಟಾಗುತ್ತದೆ ಅಂತ ಹೆಂಗಸರು ಸೆರಗಿನಲ್ಲಿ ಕ್ಯಾಮೆರಾ ಹಿಡಿದುಕೊಂಡು ಮೂರು ದಿನ ತೆಗೆದರು.

ನಾಲ್ಕನೇ ದಿನ ಎಲ್ಲರೂ ಜಗಲಿಯ ಮೇಲೆ ಕೂತು ನೋಡಿದೆವು. ಮೊದಲಿಗೆ ಮೇಡಂ ಮುದ್ದೆ ಅಗಿಯುತ್ತಿರುವುದು ಬಂತು. ಆಮೇಲೆ ಮೇಡಂ ಹುಣಸೆ ಬೀಜದ ಮೇಲೆ ಕಾಲಿಟ್ಟು ಜಾರಿದ್ದು. ಮೇಡಂ ಕೂದಲು ಬಾಚಿಕೊಂಡದ್ದು. ಮೇಡಂ ನಿದ್ದೆ ಮಾಡುವಾಗ ನೊಣ ಓಡಿಸುತ್ತಿರುವ ಒಂದು ಕೈ. ಮೂರು ದಿನದಲ್ಲಿ ಒಂದೇ ಒಂದು ಹುಣಸೆಹಣ್ಣಿನ ಚಿತ್ರ ಇತ್ತು, ಅದೂ ಮೇಡಂ ಅದನ್ನು ನೆಕ್ಕಿ ಮುಖ ಕಿವುಚಿದಾಗ.

ಮೇಡಂ ಕೆಂಪಾಗಿಹೋದರು. ಏಕೆ ಹೀಗೆ ಎಂದು ಕೇಳಲು ನನಗೆ ಹೇಳಿದರು.

ಅವರಲ್ಲಿ ಹಿರಿಯಳಾದ ಹೆಂಗಸು ಅಂದಳು, "ಹುಣ್ಸೆಣ್ಣು ದಿನಾ ಐತೆ ಕಣಣ್ಣ, ಅದ್ನೇನ್ ತೆಗ್ಯಾದು? ಈಯಮ್ಮ ಒಬ್ಳೇ ಬಂದವ್ಳೆ. ಇವ್ಳವ್ವ ಅಲ್ಲಿ ಮಗ್ಳು ಉಂಡ್ಳೋ ಇಲ್ವೋ, ಮನಿಕ್ಕಂಡ್ಳೋ ಇಲ್ವೋ ಅಂತ ಕಣ್ಣೀರಾಕ್ತಿರ್ತಾಳೆ. ಅವ್ಳಿಗೆ ತೋರ್ಸ್ಲಿ ಅಂತ ತೆಗೆದ್ವಿ."

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೇಡಂ ಎದ್ದು ಮನೆ ಹಿಂದಕ್ಕೆ ಹೋದರು. ಬರುವಾಗ ಕಣ್ಣು ಕೆಂಪಗಿತ್ತು, ಹುಣಸೆ ನಾರು ಬಿತ್ತು ಅಂದರು. ಅಂದಿನಿಂದ ಅವರಿಗೆ ಹುಣಸೆಹಣ್ಣಿನ ಮೇಡಂ ಅಂತಲೇ ಹೆಸರು ಬಿತ್ತು.

ನನಗೂ ಆಸೆಯಾಯಿತು. ಮೂರು ದಿನವೂ ನಾನು ಅಲ್ಲೇ ಓಡಾಡಿಕೊಂಡಿದ್ದೆನಲ್ಲ, ಎಲ್ಲಾದರೂ ಒಂದು ಮೂಲೆಯಲ್ಲಿ ಸಿಕ್ಕಿರಬಹುದೆಂದು ಎಲ್ಲವನ್ನೂ ಮತ್ತೊಮ್ಮೆ ನೋಡಿದೆ. ಒಂದು ಕಡೆ ನನ್ನ ಚಪ್ಪಲಿ ಸಿಕ್ಕಿತು. ನನ್ನದೊಂದು ಯಾಕಮ್ಮ ತೆಗೆಯಲಿಲ್ಲ ಎಂದು ಕೇಳಿದ್ದಕ್ಕೆ ಆ ಹಿರಿಯಳು ಬೇಜಾರಿಲ್ಲದೆ ಹೇಳಿದಳು, "ನಿಂದ್ಯಾರಿಗ್ ತೋರ್ಸಾನ ಅಂತ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಗು ಬರಲಿಲ್ಲ.

೪. ಐದು ನಿಮಿಷ ಸಮಪಾಲು

ಒಂದು ದಿನ ಹುಣಸೆಹಣ್ಣಿನ ಮೇಡಂ ಫೋನ್ ಮಾಡಿದರು. ದೇಶದೇಶದ ಸಾಕ್ಷ್ಯಚಿತ್ರದವರು ಕಂಪ್ಯೂಟರಿನಲ್ಲೇ ಸಭೆ ಸೇರುತ್ತಾರಂತೆ. ಒಬ್ಬರನ್ನೊಬ್ಬರು ಬಳಸಿಕೊಳ್ಳದೆ, ನ್ಯಾಯವಾಗಿ ಜೊತೆಗೂಡಿ ಚಿತ್ರ ಮಾಡುವುದು ಹೇಗೆ ಎಂಬುದು ಚರ್ಚೆ. ಸ್ಥಳೀಯ ಜೊತೆಗಾರರ ಪರವಾಗಿ ನಾನು ಮಾತಾಡಬೇಕು. ಎಲ್ಲರಿಗೂ ಸಮನಾಗಿ ಐದು ನಿಮಿಷ.

ಹನ್ನೆರಡು ವರ್ಷದ ಮಾತನ್ನು ಐದು ನಿಮಿಷಕ್ಕೆ ಇಳಿಸಲು ನನಗೆ ಒಂದು ವಾರ ಹಿಡಿಯಿತು. ಟೈಲರ್ ನನ್ನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟ. ಸ್ಟುಡಿಯೋದಲ್ಲಿ ನನ್ನ ಬೆನ್ನ ಹಿಂದೆ ಮದುವೆಗೆ ಬಳಸುವ ಗುಲಾಬಿ ಪರದೆ ಕಟ್ಟಿಕೊಂಡು, ಮಧ್ಯಾಹ್ನ ಮೂರಕ್ಕೆ ಕೂತೆ. ಸಭೆ ನಡೆಸುವವರು ಮೊದಲೇ ನಿಯಮ ಹೇಳಿದರು. ಸ್ಥಳೀಯ ಜೊತೆಗಾರರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕಬಾರದು, ಇಷ್ಟು ಕಾಲ ಹಾಕಿದ್ದು ಸಾಕು.

ನನ್ನ ಸರದಿ ಬಂತು. ಮಾತಾಡಿದೆ ಅಂದರೆ, ಹಾಗೆ ನನ್ನ ಜನ್ಮದಲ್ಲಿ ಮಾತಾಡಿರಲಿಲ್ಲ. ಸ್ಟೂಲಿನ ಸುದ್ದಿ ಹೇಳಿದೆ, ಕತ್ತರಿಸಿದ ದನಿಯ ಸುದ್ದಿ ಹೇಳಿದೆ. "ನಿಮ್ಮ ಅಷ್ಟೂ ಚಿತ್ರಗಳಲ್ಲಿ ಜನ ನೋಡುತ್ತಿರುವುದು ನನ್ನನ್ನು, ನಾನು ಎಲ್ಲಿ ಸ್ವಾಮಿ?" ಎಂದು ಮೇಜು ಕುಟ್ಟಿದೆ. ಪರದೆಯ ಮೇಲಿದ್ದ ಹತ್ತಿಪ್ಪತ್ತು ಮುಖಗಳು ಗಂಭೀರವಾಗಿ ತಲೆದೂಗಿದವು. ಒಬ್ಬ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಗೆದ್ದೆ ಅಂದುಕೊಂಡು ಎದ್ದು ಒಂದು ಲೋಟ ನೀರು ಕುಡಿದೆ.

ಹತ್ತು ನಿಮಿಷಕ್ಕೆ ಮೇಡಂ ಫೋನ್ ಬಂತು. "ಕ್ಷಮಿಸಿ, ನಿಮ್ಮ ಮೈಕ್ ಆಫ್ ಆಗಿತ್ತು. ಒಂದು ಮಾತೂ ಕೇಳಿಸಲಿಲ್ಲ. ನಡುವೆ ಬಾಯಿ ಹಾಕಬಾರದೆಂಬ ನಿಯಮವಿತ್ತಲ್ಲ, ಯಾರಿಗೂ ಹೇಳಲು ಧೈರ್ಯ ಬರಲಿಲ್ಲ. ನನಗೂ ಬರಲಿಲ್ಲ. ಈಗ ನನಗೊಬ್ಬಳಿಗಾದರೂ ಹೇಳುತ್ತೀರಾ?"

ಐದು ನಿಮಿಷದ ಮಾತೆಲ್ಲ ಎಲ್ಲಿ ಹೋಯಿತೋ. "ಮೇಡಂ, ಒಂದು ಚಿತ್ರದಲ್ಲಿ ನನ್ನ ಹೆಸರು ಬರಬೇಕು" ಅಂದೆ, ಅಷ್ಟೇ.

ಅವರು ಹೇಳಿದರು, "ಮುಂದಿನ ಚಿತ್ರ ನಾವಿಬ್ಬರೂ ಸೇರಿ ನಿರ್ದೇಶನ ಮಾಡೋಣ. ಹೆಸರುಗಳ ಪಟ್ಟಿ ನೀವೇ ಬರೆಯಿರಿ."

ಆ ವಾರ ಸಭೆಯ ವರದಿಯೂ ಬಂತು. ಅದರಲ್ಲಿ ನನ್ನ ಬಗ್ಗೆ ಒಂದು ಸಾಲಿತ್ತು: 'ಭಾರತದ ಜೊತೆಗಾರರು ತಮ್ಮ ನಿಲುವನ್ನು ಮೌನದ ಮೂಲಕವೇ ಪರಿಣಾಮಕಾರಿಯಾಗಿ ಮಂಡಿಸಿದರು.'

೫. ಎಲ್ಲರ ಹೆಸರು

ಆ ಮುಂದಿನ ಚಿತ್ರ ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲಿ ಆಯಿತು. ಸುತ್ತ ಎತ್ತ ನೋಡಿದರೂ ಸೋಲಾರ್ ಪ್ಯಾನಲ್. ಅವುಗಳ ಅಂಚಿನಲ್ಲೇ ಕುರಿ ಮೇಯಿಸುವ ಒಬ್ಬ ಅಜ್ಜಿ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಜೋರು. ಒಂದು ವರ್ಷ ಬಿಡುವಾದಾಗಲೆಲ್ಲ ಹೋಗಿ ತೆಗೆದೆವು. ಸ್ಟೂಲಿನ ಮೇಲೆ ನಾನೇ ಕೂತೆ, ಆದರೆ ಏನು ಕೇಳಬೇಕೆಂದು ಈ ಸಲ ನಾನೇ ಯೋಚಿಸಿದೆ. ಹೆಸರುಗಳೆಲ್ಲ ಮೊದಲು ಕನ್ನಡದಲ್ಲಿ ಬರಲಿ, ಇಂಗ್ಲಿಷಿನವರು ಆಮೇಲೆ ಓದಿಕೊಳ್ಳಲಿ ಎಂದು ಮೇಡಂ ತೀರ್ಮಾನ ಮಾಡಿದರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು.

"ಪಡದೆ ಮ್ಯಾಲೆ ನಮ್ಮೆಸ್ರು ಬರ್ತದಾ ನಾಯನಾ? ಯಾರ್ಯಾರ್ದು?" ಎಂದು ಅಜ್ಜಿ ಕೇಳಿದಳು.

"ನಿಂದು, ನಿನ್ನ ಮಗಳದ್ದು."

"ಮಗ್ಳುದ್ ಬರ್ದು ಸೊಸೇದ್ ಬುಟ್ರೆ ನಂಗೆ ಮುದ್ದೆ ಇಕ್ಕೋರ್ಯಾರು?"

ಅದು ನನಗೂ ಗೊತ್ತಿದ್ದ ವಿಷಯ. ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟಿದ್ದಕ್ಕೆ ಸೋದರಮಾವನೊಬ್ಬ ಛತ್ರದ ಬಾಗಿಲಲ್ಲೇ ನಿಂತು, ಧಾರೆ ಮುಗಿಯುವವರೆಗೂ ಒಳಗೆ ಬಾರದೇ ಇದ್ದದ್ದನ್ನು ನಾನೇ ಕ್ಯಾಮೆರಾದಲ್ಲಿ ತೆಗೆದಿದ್ದೆ. ಸರಿ, ನೋಟ್‌ಬುಕ್ ಹಿಡಿದು ಮನೆಮನೆಗೂ ಹೋದೆ. ಹೆಸರು ಬಿಟ್ಟುಹೋದವರ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲ ಹಾಳೆಯಲ್ಲಿ 'ನಿರ್ದೇಶನ' ಎಂದು ದಪ್ಪಗೆ ಬರೆದು, ಮೇಡಂ ಹೆಸರು ಬರೆದು, 'ಮತ್ತು' ಎಂದು ಬರೆದೆ. ಅಲ್ಲಿ ಪೆನ್ನು ನಿಂತಿತು. ನನ್ನ ಹೆಸರನ್ನು ಹೇಗೆ ಬರೆಯುವುದು? ಇನಿಷಿಯಲ್ ಹಾಕಲೋ, ಮಧುಗಿರಿ ಅಂತ ಸೇರಿಸಲೋ? ಹನ್ನೆರಡು ವರ್ಷ ಕಾದದ್ದು, ಅವಸರ ಬೇಡ, ಕೊನೆಗೆ ನಿಧಾನವಾಗಿ ಬರೆದರಾಯಿತು ಎಂದು ಮುಂದಿನ ಹಾಳೆ ತಿರುಗಿಸಿದೆ.

ಪಟ್ಟಿ ಬೆಳೆಯಿತು. ಅಜ್ಜಿಯ ಗಂಡ ತೀರಿಕೊಂಡು ಬಹಳ ಕಾಲವಾಗಿದ್ದರೂ 'ದಿವಂಗತ' ಎಂದು ಬರೆದು ಮೊದಲಲ್ಲಿಟ್ಟೆ. ಇಬ್ಬರು ವಾರಗಿತ್ತಿಯರಲ್ಲಿ ಯಾರದು ಮೇಲೆ ಎಂದು ಜಗಳವಾಗಿ ಅಕ್ಕಪಕ್ಕ ಬರೆದೆ. ನಮ್ಮ ಚೀಲ ಹಿಡಿದು ಸಹಾಯ ಮಾಡಿದ ಬಸ್ ಕಂಡಕ್ಟರ್, ಮಜ್ಜಿಗೆ ಕೊಟ್ಟ ಮನೆಯವರು, ಅಜ್ಜಿಯ ಮುಂದಾಳು ಕುರಿ ಗೌರಿ, ಎಲ್ಲರೂ ಸೇರಿದರು. ಮಕ್ಕಳು ಹಠ ಹಿಡಿದಿದ್ದರಿಂದ 'ನಮ್ಮ ಅಜ್ಜಿ ಸಿನಿಮಾಕ್ಕೆ ತಪ್ಪದೇ ಬನ್ನಿ' ಎಂಬ ಸಾಲೂ ಸೇರಿತು.

ಅಜ್ಜಿ ನಾನು ಬರೆಯುವುದನ್ನೇ ನೋಡುತ್ತಿದ್ದವಳು ಅಂದಳು, "ನಿನ್ ಲಗ್ನಪತ್ರಿಕೆ ಅಂತೂ ನಾವ್ ಕಾಣ್ನಿಲ್ಲ. ಇದ್ರಾಗಾದ್ರೂ ನಿನ್ನೆಸ್ರು ಓದಿಸ್ಕಂಡ್ ಕೇಳಾನ."

ಮಧುಗಿರಿಯ ಡಿಟಿಪಿ ಅಂಗಡಿಯವನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿಕೊಟ್ಟ. ಚಿತ್ರ ಐವತ್ತು ನಿಮಿಷ, ಹೆಸರುಗಳೇ ಹನ್ನೊಂದು ನಿಮಿಷ. ಮೇಡಂ ಬಾಯಿ ಬಿಟ್ಟು ನೋಡಿ, "ನ್ಯಾಯ ಅಂದರೆ ನ್ಯಾಯ" ಅಂದರು. ತಪ್ಪು ನೋಡಲು ಮೂರು ಸಲ ನನಗೆ ಕಳಿಸಿದರು. ಮೂರು ಸಲವೂ ಒಂದೊಂದು ಮನೆಯನ್ನೂ ಬೆರಳಿಟ್ಟು ನೋಡಿ, ಯಾರ ಹೆಸರೂ ಬಿಟ್ಟಿಲ್ಲ ಎಂದು ಬರೆದು ಕಳಿಸಿದೆ.

ವಳ್ಳೂರಿನ ಶಾಲೆಯಲ್ಲಿ ಮೊದಲ ಪ್ರದರ್ಶನ. ಭಾನುವಾರ ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಮೇಡಂ ಬಂದಿದ್ದರು. ನಾನು ಬಾಗಿಲ ಪಕ್ಕ, ಅಭ್ಯಾಸಬಲದಿಂದ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ಚಿತ್ರ ಓಡುವಾಗ ಜನ ಎಲೆಯಡಿಕೆ ಹಾಕಿಕೊಂಡು ಮಾತಾಡಿದರು. ಹೆಸರುಗಳು ಶುರುವಾಗುತ್ತವೆ ಎಂದಾಗ ಮಾತ್ರ ಉಸಿರು ಬಿಗಿಹಿಡಿದರು. ಓದಲು ಬಾರದವರಿಗಾಗಿ ಮೇಷ್ಟ್ರು ಎದ್ದು ನಿಂತು ಗಟ್ಟಿಯಾಗಿ ಓದತೊಡಗಿದರು.

"ನಿರ್ದೇಶನ..." ಮೇಡಂ ಹೆಸರು ಓದಿದರು. ಚಪ್ಪಾಳೆ. "ಮತ್ತು..." ಅಂದರು. ನಿಂತರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ "ಮತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮತ್ತು ಯಾರು ಸಾರ್?"

ಪರದೆ ನೋಡಿದೆ. 'ಮತ್ತು' ಆದ ಮೇಲೆ ಬರೀ ಕಪ್ಪು. ಹನ್ನೆರಡು ವರ್ಷ ಪರದೇಶದವರು ಬಿಟ್ಟರು ಎಂದು ಕೊರಗಿದ್ದೇ ಕೊರಗಿದ್ದು. ಪೆನ್ನು ನನ್ನ ಕೈಗೇ ಬಂದಾಗ ಕುರಿಯ ಹೆಸರನ್ನೂ ಬರೆದು ನನ್ನದನ್ನು ನಾನೇ ಬಿಟ್ಟಿದ್ದೆ! ಬೇರೆ ಪ್ರತಿಗಳಲ್ಲಿ ಆಮೇಲೆ ಸೇರಿಸಿದೆವು, ಇನಿಷಿಯಲ್ ಸಮೇತ. ವಳ್ಳೂರಿನ ಶಾಲೆಯ ಪ್ರತಿಯಲ್ಲಿ ಇವತ್ತಿಗೂ 'ಮತ್ತು' ಅಂತಲೇ ಇದೆ, ಬದಲಾಯಿಸಲು ಅಜ್ಜಿ ಬಿಡಲಿಲ್ಲ.

ಏಕೆಂದರೆ ಅಂದು ಮೇಷ್ಟ್ರು ಹಾಗೆ ಕೇಳುವ ಹೊತ್ತಿಗೆ ಅವಳು ಎದ್ದು ನಿಂತಾಗಿತ್ತು. "ಅದೇನ್ ಮೇಷ್ಟ್ರೇ ಮತ್ತು ಮತ್ತು ಅಂತ ತಡವರಿಸ್ತೀರ? ಇವ್ನೇ ಕಣಪ್ಪ ಅದು! ಒಂದೊರ್ಸ ನಾನು ಮಾತಾಡಿದ್ದು ಈ ಮಕ ನೋಡ್ಕಂಡು. ಇವ್ನಿಲ್ದಿದ್ರೆ ಆ ಕಬ್ಬಿಣದ ಡಬ್ಬದ ತಾವ ಯಾರ್ ಮಾತಾಡ್ತಿದ್ರು?" ಎಂದವಳೇ, ಜನರ ಕಡೆ ತಿರುಗಿ ತೆಲುಗಿನಲ್ಲಿ ಕೂಗಿದಳು, "ಅಂದರೂ ಇಟು ಚೂಡಂಡಿ!" ಎಲ್ಲರೂ ಈ ಕಡೆ ನೋಡಿ.

ಕೋಣೆಯಲ್ಲಿದ್ದವರೆಲ್ಲ ಪರದೆಗೆ ಬೆನ್ನು ತಿರುಗಿಸಿ ನನ್ನನ್ನು ನೋಡಿದರು. ಹಿಂದೆ ಅವರವರದೇ ಹೆಸರುಗಳು ಒಂದೊಂದಾಗಿ ಮೇಲಕ್ಕೆ ಹೋಗುತ್ತಿದ್ದವು, ಯಾರೂ ಆ ಕಡೆ ನೋಡಲಿಲ್ಲ. ಮಕ್ಕಳು ಬೆಂಚು ಹತ್ತಿ ನೋಡಿದರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, ಕೆರೆ ಏರಿಯ ಕುರಿಗಾಹಿಯ ಹಾಗೇ ನನ್ನನ್ನು ನೋಡಿ, "ಇನ್ಮ್ಯಾಲಿಂದ ಸಂಜೆ ಒತ್ನಾಗೆ ಒಂದು ಫೋನ್ ಮಾಡು ನಾಯನಾ, ಮಾತಾಡಾನ" ಅಂದಳು.

ನನಗೆ ಕಣ್ಣು ಮಂಜಾಯಿತು. ಏನೂ ಅರ್ಥವಾಗದ ಮೇಡಂ ಪಕ್ಕಕ್ಕೆ ಬಂದು ತೋಳು ಹಿಡಿದು ಪಿಸುಗುಟ್ಟಿದರು, "ಏನಾಯಿತು? ಅಜ್ಜಿ ಏನು ಹೇಳಿದರು?"

ಮೂಗು ಒರೆಸಿಕೊಂಡು ಹೇಳಿದೆ, "ಕುರಿಗಳಿಗೆ ನೀರು ಬೇಕಂತೆ."